ಮಂಜೇಶ್ವರ ಕ್ಷೇತ್ರದ ಹಳೇ ಶಾಸಕರ ಬಗ್ಗೆ ಗೊತ್ತಿದ್ದವರು ಬರೆಯಿರಿ (1957ರಿಂದ)

ಪೈವಳಿಕೆ ಮಾಣಿ

ಎಲ್ಲರಿಗೂ ನಮಸ್ಕಾರ. ಮೊನ್ನೆ ಊರಿಗೆ ಹೋಗಿದ್ದಾಗ ಅಕ್ಕನ ಮಗ ಕೇಳಿದ: "ಮಾವ, ನಮ್ಮ ಮಂಜೇಶ್ವರದ ಮೊದಲನೇ ಎಂಎಲ್‌ಎ ಯಾರು?" ಹತ್ತನೇ ಕ್ಲಾಸಿನ ಹುಡುಗ, ಕನ್ನಡ ಮಾಧ್ಯಮ. ಜಗಲಿಯಲ್ಲಿ ಅಡಿಕೆ ಸುಲಿಯುತ್ತಾ ಕೂತಿದ್ದ ನಾವು ಐದು ಜನ. ಒಬ್ಬರ ಬಾಯಿಂದಲೂ ಉತ್ತರ ಬರಲಿಲ್ಲ. 2016ರಲ್ಲಿ ಬರೇ 89 ಮತದ ಅಂತರದಲ್ಲಿ ಗೆದ್ದ ಕಥೆ ಮಾತ್ರ ಐದೂ ಜನರಿಗೆ ಬಾಯಿಪಾಠ! ಆವತ್ತು ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಅರುವತ್ತು ವರ್ಷಕ್ಕಿಂತ ಹೆಚ್ಚಿನ ಚರಿತ್ರೆ ಇರುವ ಕ್ಷೇತ್ರ, ಆದರೆ ನಮಗೆ ನೆನಪಿರುವುದು ಒಂದೇ ಎಣಿಕೆಯ ದಿನ.

ನಾನು ಹುಡುಕಿ ಜೋಡಿಸಿದ ಪಟ್ಟಿ ಇದು. 1957ರಲ್ಲಿ ಎಂ. ಉಮೇಶ ರಾವ್, ಪಕ್ಷೇತರ, ಅವಿರೋಧ ಆಯ್ಕೆ. 1960, 1965, 1967 ಮೂರೂ ಸಲ ಕಳ್ಳಿಗೆ ಮಹಾಬಲ ಭಂಡಾರಿ. 1970 ಮತ್ತು 1977ರಲ್ಲಿ ಸಿಪಿಐಯ ಎಂ. ರಾಮಪ್ಪ. 1980, 1982ರಲ್ಲಿ ಅದೇ ಪಕ್ಷದ ಡಾ. ಎ. ಸುಬ್ಬರಾವ್. 1987ರಿಂದ ನಾಲ್ಕು ಸಲ ಬಿಡದೆ ಮುಸ್ಲಿಂ ಲೀಗಿನ ಚೆರ್ಕಳಂ ಅಬ್ದುಲ್ಲ. 2006ರಲ್ಲಿ ಸಿಪಿಎಂನ ಸಿ. ಎಚ್. ಕುಂಞಂಬು. 2011, 2016ರಲ್ಲಿ ಲೀಗಿನ ಪಿ. ಬಿ. ಅಬ್ದುಲ್ ರಝಾಕ್. 2019ರ ಉಪಚುನಾವಣೆಯಲ್ಲಿ ಎಂ. ಸಿ. ಕಮರುದ್ದೀನ್, 2021ರಲ್ಲಿ ಎ. ಕೆ. ಎಂ. ಅಶ್ರಫ್.

ಹೆಸರು ಸಿಕ್ಕಿತು, ಕಥೆ ಸಿಗಲಿಲ್ಲ. ನನ್ನನ್ನು ಕಾಡುವ ಪ್ರಶ್ನೆ ಇದು: 1967ರ ವರೆಗೆ "ನಮ್ಮನ್ನು ಕರ್ನಾಟಕಕ್ಕೆ ಸೇರಿಸಿ" ಎಂದವರನ್ನೇ ಗೆಲ್ಲಿಸುತ್ತಾ ಬಂದ ಊರು, ಮೂರೇ ವರ್ಷದಲ್ಲಿ ಸಿಪಿಐಯ ತೆನೆ-ಕುಡುಗೋಲಿಗೆ ಹೇಗೆ ಓಟು ಹಾಕಿತು? ಆ ಮೂರು ವರ್ಷದಲ್ಲಿ ಎಂತ ಆಯಿತು? ಹಿರಿಯರು ಹೇಳಬೇಕು.

ತುಂಗಾತೀರದವ

ಪ್ರಶ್ನೆ ಕೇಳುತ್ತಿರುವುದಕ್ಕೆ ಕ್ಷಮೆ ಇರಲಿ, ನಾನು ಶಿವಮೊಗ್ಗ ಕಡೆಯವನು. ಮಂಜೇಶ್ವರ ಅಂದರೆ ಗೋವಿಂದ ಪೈ ಅಂತ ಮಾತ್ರ ಗೊತ್ತು. ಕ್ಷೇತ್ರ ಎಲ್ಲಿಂದ ಎಲ್ಲಿಯವರೆಗೆ? ಕೇರಳದ ಕ್ಷೇತ್ರದಲ್ಲಿ ಅಷ್ಟು ಕನ್ನಡಿಗರು ಹೇಗೆ?

ಪೈವಳಿಕೆ ಮಾಣಿ

ಕ್ಷಮೆ ಎಂತಕ್ಕೆ ಸರ್, ಕೇಳಿದ್ದೇ ಸಂತೋಷ. ಮಂಗಳೂರಿನಿಂದ ದಕ್ಷಿಣಕ್ಕೆ ಬಂದರೆ ತಲಪಾಡಿ. ಅಲ್ಲಿ ಗಡಿ ದಾಟಿದ ಕೂಡಲೇ ನಮ್ಮ ಕ್ಷೇತ್ರ. ಕೇರಳ ವಿಧಾನಸಭೆಯ ಪಟ್ಟಿಯಲ್ಲಿ ಇದು ಒಂದನೇ ನಂಬರ್. ಮಂಜೇಶ್ವರ, ವರ್ಕಾಡಿ, ಮೀಂಜ, ಪೈವಳಿಕೆ, ಮಂಗಲ್ಪಾಡಿ, ಕುಂಬಳೆ, ಪುತ್ತಿಗೆ, ಎಣ್ಮಕಜೆ ಎಂದು ಎಂಟು ಪಂಚಾಯತು. ಯಕ್ಷಗಾನದ ಪಾರ್ತಿಸುಬ್ಬನ ಕುಂಬಳೆ ಇದೇ. 1956ರ ವರೆಗೆ ನಾವು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕಿನವರು. ಆ ನವೆಂಬರ್ 1ರಂದು ಜಿಲ್ಲೆಯ ಉಳಿದ ಭಾಗ ಮೈಸೂರಿಗೆ ಹೋಯಿತು, ನಮ್ಮ ತಾಲೂಕು ಕೇರಳಕ್ಕೆ. ಮನೆಯಲ್ಲಿ ತುಳು, ಹವ್ಯಕ, ಬ್ಯಾರಿ, ಕೊಂಕಣಿ, ಮರಾಠಿ, ಮಲಯಾಳ ಯಾವುದೇ ಇರಲಿ, ಶಾಲೆಯ ಭಾಷೆ ಕನ್ನಡವಾಗಿತ್ತು. ಈಗಲೂ ಬಹಳ ಶಾಲೆಗಳಲ್ಲಿ ಹಾಗೆಯೇ ಉಂಟು.

ನಿವೃತ್ತ ಮಾಸ್ಟ್ರು

ಮಾಣಿ, ಒಳ್ಳೆಯ ಕೆಲಸ ಶುರು ಮಾಡಿದೆ. ನಾನು ಮೂವತ್ತು ವರ್ಷ ಈ ಕ್ಷೇತ್ರದ ಶಾಲೆಗಳಲ್ಲಿ ಕನ್ನಡ ಕಲಿಸಿದವನು. ನನಗೆ ತಿಳಿದಷ್ಟು ಹೇಳುತ್ತೇನೆ, ಸ್ವಲ್ಪ ಉದ್ದ ಆಗಬಹುದು.

1957 ಕೇರಳದ ಮೊದಲ ಚುನಾವಣೆ. 126 ಸ್ಥಾನ. ಇಡೀ ರಾಜ್ಯ ಕಮ್ಯುನಿಸ್ಟ್-ಕಾಂಗ್ರೆಸ್ ಎಂದು ಕುದಿಯುತ್ತಿದ್ದಾಗ ಮಂಜೇಶ್ವರದಲ್ಲಿ ಮಾತ್ರ ಉಮೇಶ ರಾಯರ ಎದುರು ಯಾರೂ ಉಳಿಯಲಿಲ್ಲ. ನಮ್ಮಿಂದ ಸ್ವಲ್ಪ ದಕ್ಷಿಣದ ನೀಲೇಶ್ವರದಿಂದ ಗೆದ್ದ ಇ.ಎಂ.ಎಸ್. ನಂಬೂದಿರಿಪಾಡ್ ಮುಖ್ಯಮಂತ್ರಿಯಾದರು. ಈಗಿನ ಒಂದೇ ಜಿಲ್ಲೆಯೊಳಗೆ ಒಂದು ಕಡೆ ಕಮ್ಯುನಿಸ್ಟ್ ಮುಖ್ಯಮಂತ್ರಿ, ಇನ್ನೊಂದು ಕಡೆ ಯಾವ ಪಕ್ಷವೂ ಇಲ್ಲದ ಅವಿರೋಧ ಶಾಸಕ. ಆ ಸರಕಾರ 1959ರ ಜುಲೈ 31ಕ್ಕೆ ವಜಾ ಆಯಿತು, ರಾಯರ ಅವಧಿಯೂ ಅಲ್ಲಿಗೆ ಮುಗಿಯಿತು.

ಮುಂದಿನವರು ಮಹಾಬಲ ಭಂಡಾರಿಯವರು. ವಕೀಲರು. ಕಾಸರಗೋಡನ್ನು ಕನ್ನಡನಾಡಿಗೆ ಸೇರಿಸಬೇಕೆಂಬ ಕರ್ನಾಟಕ ಸಮಿತಿಯ ಚಳವಳಿಯ ಮುಂಚೂಣಿಯಲ್ಲಿದ್ದವರು. 1960ರಲ್ಲಿ ಗೆದ್ದರು. 1965ರಲ್ಲಿ ಮತ್ತೆ ಗೆದ್ದರು, ಆದರೆ ಸಭೆಯ ಮೆಟ್ಟಿಲು ಹತ್ತಲಿಲ್ಲ. ಆ ಚುನಾವಣೆಯಲ್ಲಿ ಯಾರಿಗೂ ಬಹುಮತ ಬಾರದೆ, ವಿಧಾನಸಭೆ ಒಂದು ದಿನವೂ ಸೇರದೆ ವಿಸರ್ಜನೆಯಾಯಿತು.

ಆಮೇಲೆ 1967. ಇದು ನಮ್ಮ ಕ್ಷೇತ್ರದ ಅತಿ ದೊಡ್ಡ ವರ್ಷ ಎಂದು ನನ್ನ ಅಭಿಪ್ರಾಯ. 1966ರ ಅಕ್ಟೋಬರಿನಲ್ಲಿ ಗಡಿ ತಕರಾರು ಬಗೆಹರಿಸಲು ಮಹಾಜನ ಆಯೋಗ ನೇಮಕವಾಗಿತ್ತು. ಆಯೋಗ ಕೆಲಸದಲ್ಲಿರುವಾಗಲೇ ಫೆಬ್ರವರಿಯಲ್ಲಿ ಓಟು ಬಂತು. ಕೇರಳದಲ್ಲಿ ಎಡಪಕ್ಷಗಳ ಏಳು ಪಕ್ಷದ ರಂಗಕ್ಕೆ 133ರಲ್ಲಿ 117 ಸ್ಥಾನ. ಅಷ್ಟು ದೊಡ್ಡ ನೆರೆಯಲ್ಲೂ ಮಂಜೇಶ್ವರದಲ್ಲಿ ಭಂಡಾರಿ, ಪಕ್ಕದ ಕಾಸರಗೋಡಿನಲ್ಲಿ ಯು. ಪಿ. ಕುಣಿಕುಳ್ಳಾಯ, ಇಬ್ಬರೂ ಪಕ್ಷೇತರರಾಗಿ ಗೆದ್ದರು. ಜನ ಆಯೋಗಕ್ಕೆ ಓಟಿನ ಮೂಲಕವೇ ಮನವಿ ಕೊಟ್ಟ ಹಾಗೆ. ಆಗಸ್ಟಿನಲ್ಲಿ ಬಂದ ವರದಿ, ಚಂದ್ರಗಿರಿ-ಪಯಸ್ವಿನಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಬೇಕು ಎಂದಿತು. ಅಂದರೆ ಮಂಜೇಶ್ವರ ಪೂರ್ತಿ.

ತುಂಗಾತೀರದವ

ಹಾಗಾದರೆ ಯಾಕೆ ಸೇರಲಿಲ್ಲ ಮಾಸ್ಟ್ರೇ?

ನಿವೃತ್ತ ಮಾಸ್ಟ್ರು

ಆಯೋಗ ಬೇಕೆಂದು ಹಟ ಹಿಡಿದದ್ದು ಮಹಾರಾಷ್ಟ್ರ. ಬೆಳಗಾವಿ ಮೈಸೂರಿನಲ್ಲೇ ಇರಲಿ ಎಂದು ವರದಿ ಹೇಳಿದ ಮೇಲೆ ಅವರೇ ತಿರಸ್ಕರಿಸಿದರು. ಕೇರಳ ಕಾಸರಗೋಡಿನ ಶಿಫಾರಸನ್ನು ಒಪ್ಪಲಿಲ್ಲ. ಮೈಸೂರು ಪೂರ್ತಿ ವರದಿ ಜಾರಿ ಮಾಡಿ ಎಂದಿತು. ಕೇಂದ್ರ ಕೈ ಕಟ್ಟಿ ಕೂತಿತು. ಬೆಳಗಾವಿಯ ತಕರಾರಿಗೆ ನಮ್ಮ ಊರು ಬಲಿಯಾಯಿತು ಎಂದು ಕವಿ ಕಯ್ಯಾರ ಕಿಞ್ಞಣ್ಣ ರೈಗಳ ಕಾಲದ ಹಿರಿಯರು ಕೊನೆಯವರೆಗೂ ನೊಂದುಕೊಂಡದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಕುಂಬ್ಳೆ ಇನ್ ಬೆಂಗಳೂರು

ಮೈ ಜುಂ ಅಂತು ಮಾಸ್ಟ್ರೇ. ಇದನ್ನು ಶಾಲೆಯಲ್ಲಿ ನಮಗೆ ಯಾರೂ ಹೇಳಲಿಲ್ಲ. ಹಾಗಾದರೆ 1970ರಲ್ಲಿ ಜನ ಬೇಸತ್ತು ಸಮಿತಿಯನ್ನು ಕೈಬಿಟ್ಟರು ಅಂತಲೇ?

ಮೀಂಜದ ಅಕ್ಕ

ಇದಕ್ಕೆ ನಾನು ಉತ್ತರ ಹೇಳ್ತೇನೆ, ಯಾಕೆಂದರೆ ಉತ್ತರ ನಮ್ಮ ಮನೆಯ ಪೆಟ್ಟಿಗೆಯೊಳಗೆ ಉಂಟು.

ನನ್ನ ಅಪ್ಪ ಗೇಣಿ ಒಕ್ಕಲು. ವರ್ಷಕ್ಕೆ 24 ಮುಡಿ ಅಕ್ಕಿ ಧಣಿಗಳ ಮನೆಗೆ ಹೋಗಬೇಕಿತ್ತು. ಮುಡಿ ಕಟ್ಟುವುದು ಗೊತ್ತಿಲ್ಲದ ಮಕ್ಕಳಿಗೆ ಹೇಳ್ತೇನೆ: ಬೈಹುಲ್ಲನ್ನು ಹರಡಿ, ನಡುವೆ ಅಕ್ಕಿ ಸುರಿದು, ಹುಲ್ಲಿನ ಹಗ್ಗದಿಂದ ಬಿಗಿಯುತ್ತಾ ಉರುಟು ಮಾಡಿ ಕೋಲಿನಿಂದ ಬಡಿದು ಗಟ್ಟಿ ಮಾಡುವುದು. ಅಪ್ಪ ಕಟ್ಟಿದ ಮುಡಿ ನೆಲಕ್ಕೆ ಬಿದ್ದರೂ ಒಂದು ಕಾಳು ಹೊರಗೆ ಬರುತ್ತಿರಲಿಲ್ಲ. ಮಳೆ ಕೈಕೊಟ್ಟ ವರ್ಷ ಧಣಿಗಳ ಮನೆಗೆ ಮುಡಿ ಹೋಯಿತು, ನಮಗೆ ಹಲಸಿನ ಬೀಜ ಉಳಿಯಿತು.

1970ರ ಜನವರಿ 1ರಿಂದ ಕೇರಳದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂತು. ಅಚ್ಯುತ ಮೇನೋನ್ ಮುಖ್ಯಮಂತ್ರಿ, ಸಿಪಿಐಯವರು. ಗೇಣಿ ಪದ್ಧತಿ ರದ್ದು, ಗೇಯುವವನಿಗೆ ಭೂಮಿ, ಗುಡಿಸಲು ಕಟ್ಟಿ ಕೂತವನಿಗೆ ಹತ್ತು ಸೆಂಟ್ಸಿನ ಹಕ್ಕು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಓಟು. ರಾಮಪ್ಪನವರು ಗೆದ್ದದ್ದರಲ್ಲಿ ಆಶ್ಚರ್ಯ ಎಂತ ಉಂಟು? ಗಡಿಯಾಚೆ ಬಂಟ್ವಾಳ ಕಡೆ ಇದ್ದ ನನ್ನ ಸೋದರಮಾವ ಗೇಣಿ ಭೂಮಿಯ ಹಕ್ಕು ಕೇಳಿ ಡಿಕ್ಲರೇಶನ್ ಹಾಕಬೇಕಾದರೆ 1974ರ ಕಾನೂನಿನವರೆಗೆ ಕಾಯಬೇಕಾಯಿತು. ಅಪ್ಪನಿಗೆ ಕರ್ನಾಟಕದ ಆಸೆ ಇರಲಿಲ್ಲವೆಂದಲ್ಲ. 1967ರಲ್ಲಿ ಭಂಡಾರಿಯವರಿಗೇ ಹಾಕಿದವರು. ಭಾಷೆ ಹೃದಯದ ವಿಷಯ, ಗದ್ದೆ ಮಾತ್ರ ಮಕ್ಕಳ ಬಟ್ಟಲಿನ ವಿಷಯ ಅಂತ ಹೇಳುತ್ತಿದ್ದರು.

ಆಗ ಸಿಕ್ಕಿದ ಪಟ್ಟಯ, ಅಂದರೆ ಭೂಮಿಯ ಹಕ್ಕುಪತ್ರ, ಈಗಲೂ ಕಬ್ಬಿಣದ ಪೆಟ್ಟಿಗೆಯಲ್ಲಿ ಅಪ್ಪನ ಮದುವೆಯ ಶಾಲಿನೊಳಗೆ ಸುತ್ತಿ ಇಟ್ಟಿದ್ದೇವೆ. ಪೂರ್ತಿ ಮಲಯಾಳದಲ್ಲಿ ಉಂಟು. ಅಪ್ಪನಿಗೆ ಕನ್ನಡ ಓದಲು ಬರುತ್ತಿತ್ತು, ಮಲಯಾಳ ಒಂದಕ್ಷರ ಬರುತ್ತಿರಲಿಲ್ಲ. ಜೀವನದಲ್ಲಿ ಅವರಿಗೆ ಸಿಕ್ಕಿದ ಅತಿ ದೊಡ್ಡ ಕಾಗದವನ್ನು ಬೇರೆಯವರ ಬಾಯಿಂದ ಓದಿಸಿ ಕೇಳಿದರು.

ಪೈವಳಿಕೆ ಮಾಣಿ

ಅಕ್ಕ, ನಾನು ಕೇಳಿದ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ಸಿಗಲಿಕ್ಕಿಲ್ಲ. ಒಪ್ಪಿಗೆ ಇದ್ದರೆ ಆ ಪಟ್ಟಯದ ಫೋಟೋ ತೆಗೆಯಬಹುದಾ? ಹೆಸರು ಮುಚ್ಚಿ.

ನಿವೃತ್ತ ಮಾಸ್ಟ್ರು

ತಂಗಿ ಹೇಳಿದ್ದು ಸರಿ. ಒಂದು ಮಾತು ಮಾತ್ರ ಸೇರಿಸುತ್ತೇನೆ. ರಾಮಪ್ಪನವರಿಗಾಗಲಿ ಸುಬ್ಬರಾಯರಿಗಾಗಲಿ ಓಟು ಹಾಕಿದವರು ಕನ್ನಡವನ್ನು ಬಿಟ್ಟುಕೊಟ್ಟೆವೆಂದು ಭಾವಿಸಿರಲಿಲ್ಲ. 1980ರ ನಾಯನಾರ್ ಸರಕಾರದಲ್ಲಿ ಸುಬ್ಬರಾಯರು ನೀರಾವರಿ ಮಂತ್ರಿಯಾದಾಗ ನಮ್ಮ ಶಾಲೆಯಲ್ಲಿ ಸಿಹಿ ಹಂಚಿದ್ದರು. ಮಂಜೇಶ್ವರದಲ್ಲಿ ಗೋವಿಂದ ಪೈಗಳ ಹೆಸರಿನ ಸರಕಾರಿ ಕಾಲೇಜು ಆರಂಭವಾದದ್ದೂ 1980ರಲ್ಲೇ. ಲೋಕಸಭೆಯಲ್ಲೂ ಆಗ ಸಿಪಿಎಂನ ಎಂ. ರಾಮಣ್ಣ ರೈ ಇದ್ದರು, 1984ರಲ್ಲಿ ಕಾಂಗ್ರೆಸ್ಸಿನ ಐ. ರಾಮ ರೈ ಬಂದರು. ಪಕ್ಷ ಬೇರೆ, ಆದರೆ ಎದುರು ಹೋಗಿ ನಿಂತರೆ ನಮ್ಮ ಭಾಷೆಯಲ್ಲೇ ಮಾತಾಡಬಹುದಿತ್ತು. ಕರ್ನಾಟಕಕ್ಕೆ ಸೇರುವ ಆಸೆ ಕಮರಿದ ಮೇಲೂ ಆ ಧೈರ್ಯ ಇತ್ತು. ಅದು ಕಡಿಮೆಯಾದದ್ದು 1987ರ ನಂತರ.

ಉಪ್ಪಳದ ಬ್ಯಾರಿ

ಮಾಸ್ಟ್ರೇ, ನಿಮ್ಮ ಮೇಲೆ ಗೌರವ ಇಟ್ಟುಕೊಂಡೇ ಹೇಳ್ತೇನೆ, ಈ ಮಾತು ನನಗೆ ನೋವು ಕೊಟ್ಟಿತು. ಲೀಗ್ ಬಂದ ಮೇಲೆ ಕನ್ನಡ ಹೋಯಿತು ಅನ್ನುವ ಅರ್ಥ ಬರ್ತದೆ. ನಾನು ಉಪ್ಪಳದವನು. ಮನೆಯಲ್ಲಿ ಬ್ಯಾರಿ, ನೆರೆಮನೆಯಲ್ಲಿ ಉರ್ದು, ಅಂಗಡಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಚೆರ್ಕಳಂ ಸಾಹೇಬರ ಭಾಷೆ ಮಲಯಾಳ, ನಿಜ. 2001ರಲ್ಲಿ ಆಂಟನಿ ಸರಕಾರದಲ್ಲಿ ಸ್ಥಳೀಯಾಡಳಿತ ಮಂತ್ರಿಯೂ ಆದರು. ಆದರೆ 2016ರಲ್ಲಿ ರಝಾಕ್ ಸಾಹೇಬರು ತಿರುವನಂತಪುರದ ಸಭೆಯಲ್ಲಿ ಪ್ರಮಾಣವಚನ ತೆಗೆದುಕೊಂಡದ್ದು ಕನ್ನಡದಲ್ಲಿ. 2021ರಲ್ಲಿ ಅಶ್ರಫ್ ಕೂಡ ಕನ್ನಡದಲ್ಲಿ. ಅವರು ಅದಕ್ಕೂ ಮೊದಲು ಮಂಜೇಶ್ವರ ಬ್ಲಾಕ್ ಪಂಚಾಯತಿನ ಅಧ್ಯಕ್ಷರಾಗಿದ್ದವರು. ಆ ವಿಡಿಯೊ ನನ್ನ ಉಮ್ಮ ಮೂರು ಸಲ ಹಾಕಿಸಿ ನೋಡಿದ್ದಾರೆ. "ನಮ್ಮ ಶಾಲೆಯ ಭಾಷೆ" ಅಂತ ಕಣ್ಣೊರೆಸಿಕೊಂಡರು. ಕನ್ನಡ ನಮ್ಮದೂ ಹೌದು.

ನಿವೃತ್ತ ಮಾಸ್ಟ್ರು

ಮಗಾ, ನಿನ್ನ ಮಾತು ಸರಿ, ನನ್ನ ವಾಕ್ಯ ತಪ್ಪಾಯಿತು. ನನ್ನ ಅತ್ಯುತ್ತಮ ವಿದ್ಯಾರ್ಥಿಗಳಲ್ಲಿ ಅರ್ಧಕ್ಕರ್ಧ ಬ್ಯಾರಿ ಮಕ್ಕಳೇ. ನಾನು ಹೇಳಬೇಕಾಗಿದ್ದದ್ದು ಬೇರೆ. 1987ರ ಮೇಲೆ ಓಟಿನ ಲೆಕ್ಕ ಹಾಕುವ ರೀತಿ ಬದಲಾಯಿತು. ಒಂದು ಕಡೆ ಲೀಗ್, ಎದುರು ಪ್ರತಿ ಸಲವೂ ಬಿಜೆಪಿ ಎರಡನೇ ಸ್ಥಾನ. 1991ರಲ್ಲಿ ಕೆ. ಜಿ. ಮಾರಾರ್ ಚೆರ್ಕಳಂ ಎದುರು ಸೋತದ್ದು 1,072 ಮತದಿಂದ. ಅಲ್ಲಿಂದ ಈಚೆಗೆ ಚುನಾವಣೆ ಹತ್ತಿರ ಬಂದಾಗ ಚಹಾದಂಗಡಿಯಲ್ಲಿ ಎಷ್ಟು ಹಿಂದೂ ಮತ, ಎಷ್ಟು ಮುಸ್ಲಿಂ ಮತ ಎಂದು ಎಣಿಸುತ್ತಾರೆ. ಕನ್ನಡ ಶಾಲೆಗೆ ಎಷ್ಟು ಅಧ್ಯಾಪಕರು ಬೇಕು ಎಂದು ಎಣಿಸುವವರು ಕಡಿಮೆ. ನನ್ನ ಸಂಕಟ ಅದು. ಉದ್ಯಾವರದ ಮಾಡ ಎಂಬ ದೈವಸ್ಥಾನದ ಜಾತ್ರೆಗೆ ಕರೆಯಲು ದೈವದ ಕಡೆಯವರು ಸಾವಿರ ಜಮಾತ್ ಮಸೀದಿಗೆ ಹೋಗುವ ಊರು ನಮ್ಮದು. ಅಂಥ ಊರಿಗೆ ಈ ಲೆಕ್ಕ ಒಗ್ಗುವುದಿಲ್ಲ.

ಉಪ್ಪಳದ ಬ್ಯಾರಿ

ಈಗ ಸರಿ ಮಾಸ್ಟ್ರೇ. ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ.

ಕಾಸರಗೋಡು ವಕೀಲ

89ರ ಬಗ್ಗೆಯೂ ಎರಡು ಮಾತು ಇರಲಿ, ಇಲ್ಲದಿದ್ದರೆ ಪಟ್ಟಿ ಅಪೂರ್ಣ. 2011ರಲ್ಲಿ ರಝಾಕ್ ಅವರು ಬಿಜೆಪಿಯ ಕೆ. ಸುರೇಂದ್ರನ್ ಅವರನ್ನು 5,828 ಮತದಿಂದ ಸೋಲಿಸಿದ್ದರು. 2016ರಲ್ಲಿ ಅದೇ ಇಬ್ಬರು: 56,870 ಮತ್ತು 56,781. ಸುರೇಂದ್ರನ್ ಹೆಸರಿಗೆ ಹತ್ತಿರದ ಹೆಸರಿದ್ದ ಇನ್ನೊಬ್ಬ ಅಭ್ಯರ್ಥಿಗೆ 467 ಮತ ಬಿದ್ದಿತ್ತು. ಸತ್ತವರ, ವಿದೇಶದಲ್ಲಿದ್ದವರ ಹೆಸರಿನಲ್ಲಿ ಕಳ್ಳಮತ ಬಿದ್ದಿದೆ ಎಂದು ಹೈಕೋರ್ಟಿಗೆ ಅರ್ಜಿ ಹೋಯಿತು. ಸತ್ತವರ ಪಟ್ಟಿಯಲ್ಲಿದ್ದ ಕೆಲವರು ಬದುಕಿಯೇ ಇದ್ದಾರೆ ಎಂದು ಆಗ ಪತ್ರಿಕೆಗಳಲ್ಲಿ ಬಂತು. ಪ್ರಕರಣ ನಡೆಯುತ್ತಿರುವಾಗಲೇ 2018ರ ಅಕ್ಟೋಬರ್ 20ರಂದು ರಝಾಕ್ ತೀರಿಕೊಂಡರು. ಅರ್ಜಿ ವಾಪಸಾದದ್ದು 2019ರಲ್ಲಿ, ಉಪಚುನಾವಣೆ ಆ ವರ್ಷದ ಅಕ್ಟೋಬರ್ 21ಕ್ಕೆ. ಅಂದರೆ ಪೂರ್ತಿ ಒಂದು ವರ್ಷ ಈ ಕ್ಷೇತ್ರಕ್ಕೆ ಶಾಸಕರೇ ಇರಲಿಲ್ಲ. 89ರ ಕಥೆ ಹೇಳುವವರು ಈ ಖಾಲಿ ಕುರ್ಚಿಯ ವರ್ಷವನ್ನು ಹೇಳುವುದಿಲ್ಲ, ನನಗೆ ಅದೇ ಮುಖ್ಯ ಅನಿಸುತ್ತದೆ. ಉಪಚುನಾವಣೆಯಲ್ಲಿ ಕಮರುದ್ದೀನ್ ಬಿಜೆಪಿಯ ರವೀಶ ತಂತ್ರಿ ಕುಂಟಾರು ಎದುರು 7,923 ಮತದಿಂದ ಗೆದ್ದರು. 2021ರಲ್ಲಿ ಅಶ್ರಫ್ ಮತ್ತೆ ಸುರೇಂದ್ರನ್ ಎದುರು 745ರಿಂದ.

ನಡುವೆ 2006ನ್ನು ಮರೆಯಬೇಡಿ. ನಾಲ್ಕು ಸಲ ಗೆದ್ದ ಚೆರ್ಕಳಂ ಆ ಸಲ ಮೂರನೇ ಸ್ಥಾನಕ್ಕೆ ಇಳಿದರು, ಕುಂಞಂಬು ಗೆದ್ದರು.

ಕುಂಬ್ಳೆ ಇನ್ ಬೆಂಗಳೂರು

ಶಾಸಕರು ಇಲ್ಲದ ಆ ವರ್ಷ ನನಗೂ ನೆನಪುಂಟು. ಆದರೆ ನನಗೆ ಮರೆಯಲಾಗದ್ದು 2020ರ ಮಾರ್ಚ್. ಕೊರೊನಾ ಬಂದಾಗ ಗಡಿ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದರು. ನಮ್ಮವರಿಗೆ ದೊಡ್ಡ ಕಾಯಿಲೆ ಬಂದರೆ ಮಂಗಳೂರೇ ಗತಿ. ತಲಪಾಡಿಯಲ್ಲಿ ಆಂಬುಲೆನ್ಸ್ ನಿಂತಿತು, ಜೀವಗಳು ಹೋದವು. ವಿಷಯ ಕೇರಳ ಹೈಕೋರ್ಟು, ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಯಾವ ನಾಡಿಗೆ ಸೇರಬೇಕೆಂದು ನಮ್ಮ ಅಜ್ಜಂದಿರು ಹತ್ತು ವರ್ಷ ಓಟು ಹಾಕಿದರೋ ಆ ನಾಡಿನ ಬಾಗಿಲು ನಮಗೆ ಮುಚ್ಚಿತ್ತು. ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಕೂತು ಆ ಮಣ್ಣಿನ ರಾಶಿಯ ಚಿತ್ರ ನೋಡಿ ನಾನು ಅತ್ತಿದ್ದೇನೆ. ರಾಜಧಾನಿ ತಿರುವನಂತಪುರವೋ, 550 ಕಿಲೋಮೀಟರಿಗಿಂತ ಹೆಚ್ಚು. ಒಂದು ಅಹವಾಲು ಕೊಡಬೇಕಾದರೂ ರಾತ್ರಿಯಿಡೀ ಮಾವೇಲಿ ರೈಲಿನಲ್ಲಿ ಕೂರಬೇಕು.

ಮೀಂಜದ ಅಕ್ಕ

ಹೌದು ತಮ್ಮ. ಅದಕ್ಕೇ ಪ್ರಮಾಣವಚನದ ಕನ್ನಡ ಸಾಲುವುದಿಲ್ಲ ಅಂತ ನಾನು ಹೇಳುವುದು. ಕಳೆದ ವರ್ಷ ಒಂದು ಕಚೇರಿಯಲ್ಲಿ ಅರ್ಜಿ ಫಾರಂ ಮಲಯಾಳದಲ್ಲಿ ಮಾತ್ರ ಇತ್ತು. ಕನ್ನಡದ್ದು ಕೇಳಿದೆ. ಖಾಲಿಯಾಗಿದೆ ಎಂದರು. ಅಪ್ಪನ ಪಟ್ಟಯದ ಹಾಗೆ ನಾನೂ ಬೇರೆಯವರಿಂದ ಓದಿಸಿಕೊಂಡೆ. 1969ರ ಕೇರಳ ರಾಜಭಾಷಾ ಕಾನೂನಿನಲ್ಲೇ ಕನ್ನಡ, ತಮಿಳು ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ಮಾಡುವ ಹಕ್ಕು ಕೊಟ್ಟಿದ್ದಾರೆ. ಯಾರೇ ಗೆಲ್ಲಲಿ, ಆ ಫಾರಂ ತರಿಸಿ ಕೊಡಲಿ.

ಕಾಸರಗೋಡು ವಕೀಲ

ಅಕ್ಕ, ಮುಂದಿನ ಸಲ ಹಾಗೆ ಆದರೆ ಅರ್ಜಿಯನ್ನು ಬಿಳಿ ಹಾಳೆಯಲ್ಲಿ ಕನ್ನಡದಲ್ಲೇ ಬರೆದು ಕೊಟ್ಟು ರಶೀದಿ ಕೇಳಿ. ಕೊಡದಿದ್ದರೆ ನನಗೆ ಇಲ್ಲಿ ತಿಳಿಸಿ.

ವರ್ಕಾಡಿ ಮೊಮ್ಮಗಳು

ಈ ಚರ್ಚೆಯನ್ನು ನನ್ನ ಅಜ್ಜಿಗೆ ಓದಿ ಹೇಳಿದೆ. ಅವರಿಗೆ ಈಗ ತೊಂಬತ್ತು ದಾಟಿದೆ, ಕಿವಿ ಚುರುಕು. 1957ರಲ್ಲಿ ಅವರದ್ದು ಮೊದಲ ಓಟು. ಆವಾಗ 21 ತುಂಬಬೇಕಿತ್ತಲ್ಲ. ಮದುವೆಯ ಸೀರೆ ಉಟ್ಟು ಅಜ್ಜನ ಜೊತೆ ಗುಡ್ಡ ಇಳಿದು ಹೋದರಂತೆ. ಬೇರೆ ಕಡೆಯವರಿಗೆ ಎರಡು ಚೀಟಿ, ಇವರಿಗೆ ಒಂದೇ ಚೀಟಿ. ಲೋಕಸಭೆಯದ್ದು ಮಾತ್ರ. ಇನ್ನೊಂದು ಎಲ್ಲಿ ಎಂದು ಕೇಳಿದ್ದಕ್ಕೆ ಮತಗಟ್ಟೆಯಲ್ಲಿದ್ದವರು, "ಅದು ಬೇಡ ಅಮ್ಮ, ನಿಮ್ಮ ಉಮೇಶ ರಾಯರು ಆಗಲೇ ಗೆದ್ದಾಯಿತು" ಅಂದರಂತೆ. ಆ ಸಲ ಲೋಕಸಭೆಗೆ ಗೆದ್ದದ್ದು ಕಮ್ಯುನಿಸ್ಟ್ ನಾಯಕ ಎ. ಕೆ. ಗೋಪಾಲನ್. ಅಜ್ಜಿ ಯಾರಿಗೆ ಹಾಕಿದರೆಂದು ಇವತ್ತಿಗೂ ಹೇಳುವುದಿಲ್ಲ.

ಪೈವಳಿಕೆ ಮಾಣಿ

ದಯವಿಟ್ಟು ಅಜ್ಜಿಯ ಮಾತು ಫೋನಿನಲ್ಲಿ ರೆಕಾರ್ಡ್ ಮಾಡಿ ಇಡಿ. ನಾನು ಈ ಭಾನುವಾರ ಊರಿಗೆ ಬರ್ತಾ ಇದ್ದೇನೆ, ಅಕ್ಕನ ಮಗನನ್ನೂ ಕರೆದುಕೊಂಡು ಮೊದಲು ಮೀಂಜಕ್ಕೆ ಪಟ್ಟಯ ನೋಡಲಿಕ್ಕೆ, ಆಮೇಲೆ ವರ್ಕಾಡಿಗೆ. ಭಂಡಾರಿಯವರ ಚುನಾವಣೆಯ ಹಳೇ ಕರಪತ್ರ, 1967ರ ಪತ್ರಿಕೆಯ ತುಂಡು ಯಾರ ಮನೆಯ ಅಟ್ಟದಲ್ಲಾದರೂ ಇದ್ದರೆ ಹೇಳಿ, ಗೆದ್ದಲು ತಿನ್ನುವ ಮೊದಲು ಬಂದು ಫೋಟೋ ತೆಗೆಯುತ್ತೇವೆ.

ನಿವೃತ್ತ ಮಾಸ್ಟ್ರು

ನನ್ನಲ್ಲಿ ಒಂದು ಟ್ರಂಕು ಉಂಟು. ಮಧ್ಯಾಹ್ನ ಊಟಕ್ಕೆ ನಮ್ಮಲ್ಲಿಗೇ ಬನ್ನಿ. ಉಪ್ಪಳದ ಮಗನೂ ಬರಲಿ.